ಪತ್ತ್ ಅಂದರೆ ಹತ್ತಲ್ಲ

ಆ ಕಾಲದಲ್ಲಿ ಗಲ್ಫಿನಿಂದ ರಜೆಗೆ ಬರುವವರ ಪೆಟ್ಟಿಗೆಗೆ ಒಂದು ವಾಸನೆ ಇತ್ತು. ಸಾಬೂನು, ಅತ್ತರು, ಹಾಲಿನ ಪುಡಿ, ಚಾಕಲೇಟು ಎಲ್ಲ ಸೇರಿ ಆದ ವಾಸನೆ. ಮೆಲ್ಕಾರಿನ ನಮ್ಮ ಓಣಿಯಲ್ಲಿ ಯಾರ ಮನೆಯ ಪೆಟ್ಟಿಗೆ ತೆರೆದರೂ ನಾಲ್ಕು ಮನೆಗೆ ಗೊತ್ತಾಗುತ್ತಿತ್ತು. ನಾನು ಏಳನೆಯ ತರಗತಿ ಮುಗಿಸಿದ ಬೇಸಗೆಯಲ್ಲಿ ನನ್ನ ಉಪ್ಪ, ಅಂದರೆ ಅಪ್ಪ, ಎರಡು ತಿಂಗಳ ರಜೆಗೆ ಬಂದು ಪೆಟ್ಟಿಗೆ ತೆರೆದಾಗ ಮಾತ್ರ ಹೊಸ ಟಯರಿನ ವಾಸನೆ ಬಂತು. ಒಳಗೆ ರಬ್ಬರಿನ ಸಣ್ಣ ಬಟ್ಟಲುಗಳು, ವಾಷರುಗಳು, ಪತ್ರಿಕೆಯಲ್ಲಿ ಸುತ್ತಿದ ಎರಡು ಶಾಕ್ ಅಬ್ಸಾರ್ಬರುಗಳು. ಚಾಕಲೇಟು ಒಂದೇ ಪೊಟ್ಟಣ, ಅದೂ ಕರಗಿತ್ತು.

“ಮಕ್ಕಳಿಗೆ ತಿನ್ನಲಿಕ್ಕೆ ಕಬ್ಬಿಣ ತಂದದ್ದಾ?” ಎಂದಳು ಉಮ್ಮ.

“ಇದು ಮಕ್ಕಳಿಗಲ್ಲ, ನಿನಗೆ,” ಎಂದರು ಉಪ್ಪ.

ಉಮ್ಮ ಅಡುಗೆಮನೆಗೆ ಹೋದಳು. ಅದು ಯಾತಕ್ಕೆ ಎಂದು ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು.

ಮನೆಯ ಹಿಂದಿನ ಮಾಡಿನ ಅಡಿಯಲ್ಲಿ ನನಗಿಂತ ವಯಸ್ಸಿನಲ್ಲಿ ಹಿರಿದಾದ ಒಂದು ಜಪಾನಿ ಕಾರು ಇತ್ತು. ಉಪ್ಪ ಅದನ್ನು ಗಲ್ಫಿನಲ್ಲಿ ಯಾರಿಂದಲೋ ಕೊಂಡು ಹಡಗಿನಲ್ಲಿ ತರಿಸಿದ್ದರು. ಅದರ ಸ್ಟೀರಿಂಗ್ ಎಡಗಡೆಗೆ. ಓಣಿಯವರಿಗೆ ಅದು ಕಾರಲ್ಲ, ‘ಜಪಾನು’. ಜಪಾನು ಬಂತು, ಜಪಾನು ಹೋಯಿತು ಎನ್ನುತ್ತಿದ್ದರು. ನನ್ನ ತಮ್ಮ ಹೊಟ್ಟೆಯಲ್ಲಿದ್ದಾಗ ಉಮ್ಮ ಮೂಡುಬಿದಿರೆಯ ತವರಿನಿಂದ ಅದರಲ್ಲಿ ಬರುತ್ತಿದ್ದಳು. ಸಿದ್ಧಕಟ್ಟೆ ದಾಟಿದ ಮೇಲಿನ ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲಿಲ್ಲ. ಎದುರಿನಿಂದ ಲಾರಿ. ಉಪ್ಪ ಕಾರನ್ನು ರಸ್ತೆ ಬದಿಯ ಮರಳ ರಾಶಿಗೆ ಹತ್ತಿಸಿ ನಿಲ್ಲಿಸಿದರು. ಯಾರಿಗೂ ಒಂದು ಗೀರೂ ಆಗಲಿಲ್ಲ. ಆದರೆ ಎಡ ಸ್ಟೀರಿಂಗಿನ ಆ ಕಾರಿನಲ್ಲಿ ಉಮ್ಮ ಕೂತದ್ದು ಬಲಗಡೆ, ನಮ್ಮ ಊರಿನ ಕಾರುಗಳಲ್ಲಿ ಡ್ರೈವರು ಕೂರುವ ಜಾಗದಲ್ಲಿ. “ಲಾರಿ ಬಂದದ್ದು ನನ್ನ ಮುಖಕ್ಕೆ. ನನ್ನ ಕಾಲಡಿಯಲ್ಲಿ ಬ್ರೇಕೇ ಇರಲಿಲ್ಲ,” ಎಂದು ಅವಳು ಎಷ್ಟೋ ಸಲ ಹೇಳಿದ್ದುಂಟು.

ಅಂದಿನಿಂದ ಅವಳು ಜಪಾನಿನಲ್ಲಿ ಕೂರಲಿಲ್ಲ. ತಮ್ಮನನ್ನು ಸೊಂಟದಲ್ಲಿ ಇಟ್ಟುಕೊಂಡು, ವಾಂತಿ ತಡೆಯಲು ಲಿಂಬೆಹಣ್ಣು ಮೂಸುತ್ತಾ ಬಸ್ಸಿನಲ್ಲೇ ತವರಿಗೆ ಹೋಗುತ್ತಿದ್ದಳು. ಕೇಳಿದರೆ, “ಬಸ್ಸಿಗೆ ನಿಲ್ಲಲಿಕ್ಕೆ ಗೊತ್ತುಂಟು,” ಎನ್ನುತ್ತಿದ್ದಳು. ಚಹಾದಂಗಡಿಯಲ್ಲಿ ಅದು ‘ಹೆಂಡತಿ ಕೂರದ ಕಾರು’ ಆಯಿತು. ಉಪ್ಪ ಕೇಳಿ ನಗುತ್ತಿದ್ದರು, ಆದರೆ ಆ ನಗು ಹಲ್ಲಿನಿಂದ ಆಚೆಗೆ ಹೋಗುತ್ತಿರಲಿಲ್ಲ. ಅವರು ಗಲ್ಫಿಗೆ ಮರಳಿದ ಮೇಲೆ ಹಿಂದಿನ ಸೀಟಿನಲ್ಲಿ ನಮ್ಮ ಕೋಳಿಗಳು ಮೊಟ್ಟೆ ಇಡತೊಡಗಿದವು.

ಕೆಲಸಕ್ಕೆ ಬಂದವರು ಮೂಡುಬಿದಿರೆಯ ಲೋಕಯ್ಯ ಮೇಸ್ತ್ರಿ. ದಿನವೂ ಬೆಳಗ್ಗಿನ ಬಸ್ಸಿನಲ್ಲಿ ಸ್ಪಾನರುಗಳ ಬಟ್ಟೆಚೀಲ ಹಿಡಿದು ಇಳಿಯುತ್ತಿದ್ದರು. ಕಡಿಮೆ ಮಾತಿನ ಮನುಷ್ಯ. ಮನೆಯಲ್ಲಿ ತುಳು, ನಮ್ಮೊಡನೆ ನಿಧಾನದ ಶಾಲೆಯ ಕನ್ನಡ. ಉಮ್ಮನಿಗೆ ಸಿಟ್ಟು ಕಾರಿನ ಮೇಲೆಯೇ ಹೊರತು ಮೇಸ್ತ್ರಿಯ ಮೇಲಲ್ಲ. ಅವರಿಗೆ ಅಕ್ಕಿರೊಟ್ಟಿ, ಅಂದರೆ ನಮ್ಮ ‘ಪತ್ತಿರ್’, ಕೋಳಿಸಾರಿನ ಜೊತೆ ತಪ್ಪುತ್ತಿರಲಿಲ್ಲ.

ಮೊದಲು ಸಸ್ಪೆನ್ಷನ್. ಹಿಂದಿನ ಪಟ್ಟಿ ಸ್ಪ್ರಿಂಗುಗಳು ಬಾಗು ಕಳೆದುಕೊಂಡು ಚಪ್ಪಟೆಯಾಗಿದ್ದವು, ಕಾರು ಕುಕ್ಕರಗಾಲಿನಲ್ಲಿ ಕೂತ ಹಾಗೆ ಕಾಣುತ್ತಿತ್ತು. ಅವುಗಳನ್ನು ಬಸ್ಸಿನ ಮೇಲೆ ಹಾಕಿ ಬೆಳ್ತಂಗಡಿಯ ಆಚಾರಿಯ ಕುಲುಮೆಗೆ ಒಯ್ದೆವು. ಕೆಂಪಗೆ ಕಾಯಿಸಿ, ಬಡಿದು, ಪಟ್ಟಿಗೆ ಮತ್ತೆ ಬಿಲ್ಲಿನ ಬಾಗು ಕೊಟ್ಟು, ಹಳೆಯ ಎಣ್ಣೆಯಲ್ಲಿ ಅದ್ದಿದಾಗ ಎದ್ದ ಹೊಗೆಯಿಂದ ನನ್ನ ಫ್ರಾಕು ಎರಡು ಒಗೆತಕ್ಕೂ ನಾರುತ್ತಿತ್ತು. ಪೇಟೆಯಲ್ಲಿ ಸಿಗದ ರಬ್ಬರಿನ ಬುಷ್‌ಗಳನ್ನು ಲೇತಿನವನು ಲಾರಿ ಟಯರಿನ ತುಂಡಿನಿಂದ ಕೆತ್ತಿ ಕೊಟ್ಟ. ಎಲ್ಲ ಕೂಡಿಸಿ, ಪೆಟ್ಟಿಗೆಯಲ್ಲಿ ಬಂದ ಶಾಕ್ ಅಬ್ಸಾರ್ಬರುಗಳನ್ನೂ ಹಾಕಿದ ಮೇಲೆ ಮೇಸ್ತ್ರಿ ಡಿಕ್ಕಿಯ ಮೇಲೆ ಎರಡು ಕೈ ಊರಿ ಒತ್ತಿ ಬಿಟ್ಟರು. ಕಾರು ಒಮ್ಮೆ ಎದ್ದು ಸುಮ್ಮನೆ ನಿಂತಿತು.

“ನೋಡು, ಎರಡು ಸಲ ಕುಣಿದರೆ ಅದು ಕಾರಲ್ಲ, ಭೂತಕೋಲ,” ಎಂದರು.

ಆಮೇಲೆ ಬ್ರೇಕ್. ಹೊಸ ರಬ್ಬರು ಹಾಕಿ, ಬ್ರೇಕ್ ಶೂಗಳಿಗೆ ಹೊಸ ಲೈನಿಂಗ್ ಹೊಡೆದು ಆಯಿತು. ಉಳಿದದ್ದು ಗಾಳಿ ತೆಗೆಯುವುದು. ಬ್ರೇಕಿನ ಎಣ್ಣೆಯಲ್ಲಿ ಗಾಳಿಯ ಒಂದು ಗುಳ್ಳೆ ಉಳಿದರೂ ಪೆಡಲ್ ಮೆತ್ತಗಾಗುತ್ತದೆ. ಅದಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲನ್ನು ಮೂರು ಸಲ ಒತ್ತಿ, ಕೊನೆಗೆ ಒತ್ತಿ ಹಾಗೆಯೇ ಹಿಡಿಯಬೇಕು. ಇನ್ನೊಬ್ಬರು ಚಕ್ರದ ಹತ್ತಿರದ ಸಣ್ಣ ತಿರುಪನ್ನು ಸಡಿಲಿಸಿ, ಗಾಳಿ ಹೊರಗೆ ಹೋದ ಕೂಡಲೇ ಬಿಗಿಯಬೇಕು. ಬಿಗಿಯುವ ಮೊದಲು ಕಾಲು ಎತ್ತಿದರೆ ಹೊರಗಿನ ಗಾಳಿಯೆಲ್ಲ ಒಳಗೆ. ಕೋಳಿಯ ಹಿಕ್ಕೆ ತೊಳೆಯಲು ಸೀಟುಗಳನ್ನು ಬಿಚ್ಚಿದ್ದರಿಂದ ತಗಡಿನ ನೆಲದಲ್ಲೇ ಕೂರಬೇಕಿತ್ತು. ಉಪ್ಪ ಕೂತು ನೋಡಿದರು, ಹೊಟ್ಟೆ ಸ್ಟೀರಿಂಗಿಗೆ ಸಿಕ್ಕಿಕೊಂಡಿತು. ಹಾಗೆ ಆ ಕೆಲಸ ನನಗೆ ಬಂತು. ಬೆನ್ನಿಗೆ ಅಕ್ಕಿಮೂಟೆ, ಎರಡೂ ಕಾಲು ಪೆಡಲಿನ ಮೇಲೆ. ನನ್ನ ಜಂಭ ಕೇಳಬೇಡಿ.

“ಮೂರು ಸಲ ಒತ್ತು, ಮತ್ತೆ ಹಿಡಿ. ನಾನು ಬಿಡು ಅಂದ ಮೇಲೆ ಬಿಡು. ಗೊತ್ತಾಯಿತಾ ಸಫಿಯಾ?” ಎಂದು ಮೇಸ್ತ್ರಿ ನನ್ನನ್ನು ಕೇಳಿದರು.

ಮೊದಲ ಚಕ್ರ ಸರಿಯಾಗಿ ಮುಗಿಯಿತು. ಎರಡನೆಯದರಲ್ಲಿ ತಿರುಪು ಸಡಿಲವಾದ ಹೊತ್ತಿಗೆ, ಎಣ್ಣೆ ಹೊರಗೆ ಬಿಡಲು ಅದಕ್ಕೆ ಸಿಕ್ಕಿಸಿದ್ದ ರಬ್ಬರು ಕೊಳವೆ ಜಾರಿತು. ಗಾಬರಿಯಲ್ಲಿ ಮೇಸ್ತ್ರಿಯ ಶಾಲೆಯ ಕನ್ನಡವೂ ಜಾರಿತು. ಕಾರಿನ ಅಡಿಯಿಂದ ಅವರು ತುಳುವಿನಲ್ಲಿ ಕೂಗಿದರು: “ಪತ್ತ್, ಪತ್ತ್.”

ತುಳುವಿನಲ್ಲಿ ‘ಪತ್ತ್’ ಅಂದರೆ ಹಿಡಿ. ಹತ್ತಕ್ಕೂ ಅದೇ ಮಾತು. ನನ್ನ ಮನೆಮಾತು ಬ್ಯಾರಿಯಲ್ಲಿ ‘ಪತ್ತ್’ ಅಂದರೆ ಹತ್ತು ಮಾತ್ರ. ತುಳು ನನಗೆ ಬಾರದ್ದೇನಲ್ಲ, ಆದರೆ ಗಾಬರಿಯಾದಾಗ ಕಿವಿ ಮನೆಗೆ ಓಡುತ್ತದೆ. ಹತ್ತು ಮತ್ತು ಹತ್ತು ಎಂದು ಲೆಕ್ಕ ಹಾಕಿ, ನಾನು ಇಪ್ಪತ್ತು ಸಲ ಪೆಡಲ್ ತುಳಿದೆ.

ಮೇಸ್ತ್ರಿ ಅಡಿಯಿಂದ ಹೊರಗೆ ಬಂದಾಗ ಅವರ ಮೀಸೆಯಿಂದ ಎಣ್ಣೆ ಇಳಿಯುತ್ತಿತ್ತು. ಚಿಮ್ಮಿದ ಎಣ್ಣೆ ಹಿಂದಿನ ಮಡ್‌ಗಾರ್ಡಿನ ಮೇಲೂ ಬಿದ್ದಿತ್ತು. ಎಣ್ಣೆಯ ಡಬ್ಬಿ ಖಾಲಿ, ಪೈಪಿನ ತುಂಬ ಗಾಳಿ.

“ಇಷ್ಟು ಸಲ ತುಳಿಯಲಿಕ್ಕೆ ಯಾರು ಹೇಳಿದ್ದು ಮಾರಾಯ್ತಿ?”

“ನೀವೇ. ಪತ್ತ್, ಪತ್ತ್ ಅಂದಿರಿ. ಇಪ್ಪತ್ತು ಆಯಿತಲ್ಲ?”

ಅವರು ಮೀಸೆ ಒರೆಸಿಕೊಂಡರು. “ಪತ್ತ್ ಅಂದರೆ ಹತ್ತಲ್ಲ. ನಿನ್ನ ಉಮ್ಮನ ಪತ್ತಿರೂ ಅಲ್ಲ. ಹಿಡಿ ಅಂತ.”

ಉಪ್ಪ ನೆಲದಲ್ಲಿ ಕೂತು ನಕ್ಕರು. ಅಡುಗೆಮನೆಯ ಕಿಟಕಿಯಲ್ಲಿ ಉಮ್ಮನೂ ನಕ್ಕಳು. ನಕ್ಕು ಮುಗಿಸಿ ಹೇಳಿದಳು: “ಇವರೆಲ್ಲ ಸೇರಿ ಮಾಡಿದ ಬ್ರೇಕಿನಲ್ಲಿ ನಾನು ಕೂರುವುದಾ?”

ನನಗೆ ಅಲ್ಲಿಯೇ ಅಳು ಬಂತು. ಉಪ್ಪ ವರ್ಷವಿಡೀ ಕಾದು ತಂದ ಕಬ್ಬಿಣವನ್ನೆಲ್ಲ ನನ್ನ ಎರಡು ಕಾಲು ನೀರುಪಾಲು ಮಾಡಿತ್ತು. ರಜೆ ಮುಗಿಯಲು ಒಂದು ವಾರವೂ ಇರಲಿಲ್ಲ. ಮರುದಿನ ಅವರು ಎಣ್ಣೆ ತರಲು ಮಂಗಳೂರಿಗೆ ಹೋದರು. ನಾನು ಇಡೀ ದಿನ ಹಜಾರದ ಗೋಡೆಗೆ ಕಾಲು ಕೊಟ್ಟು ಕೂತೆ. ಐದು ವರ್ಷದ ತಮ್ಮನಿಗೆ ಹುಣಸೆಹುಳಿ ಮಿಠಾಯಿಯ ಲಂಚ ಕೊಟ್ಟು “ಪತ್ತ್” ಮತ್ತು “ಬುಡು” ಹೇಳಿಸಿಕೊಂಡೆ. ಬುಡು ಅಂದರೆ ಬಿಡು. ಅವನು ಪತ್ತ್ ಎಂದು ಹೇಳಿ ಆಟಕ್ಕೆ ಓಡಿಹೋದರೂ ನಾನು ಕಾಲು ತೆಗೆಯಲಿಲ್ಲ. ಉಮ್ಮ ಆಚೀಚೆ ಹೋಗುವಾಗ ನೋಡುತ್ತಿದ್ದಳು.

ಎಣ್ಣೆ ಬಂತು. “ಈ ಸಲ ನಾನು ಕನ್ನಡದಲ್ಲೇ ಹೇಳ್ತೇನೆ,” ಎಂದರು ಮೇಸ್ತ್ರಿ.

“ಬೇಡ. ಪತ್ತ್ ಅಂತಲೇ ಹೇಳಿ,” ಎಂದೆ.

ನಾಲ್ಕು ಚಕ್ರ. ಪತ್ತ್ ಎಂದಾಗ ಹಿಡಿದೆ, ಬುಡು ಎಂದಾಗ ಬಿಟ್ಟೆ. ಕೊನೆಯ ಚಕ್ರಕ್ಕೆ ಬರುವಾಗ ತೊಡೆ ನಡುಗುತ್ತಿತ್ತು. ಅಕ್ಕಿ ಗೇರುವ ಮೊರ ಹಿಡಿದುಕೊಂಡೇ ಉಮ್ಮ ಬಾಗಿಲ ಹತ್ತಿರ ಬಂದು ನನ್ನ ಕಾಲನ್ನು ನೋಡುತ್ತ ನಿಂತಿದ್ದಳು. ಮುಗಿದ ಮೇಲೆ ಮೇಸ್ತ್ರಿ ಅವಳಿಗೆ, “ನೀವೇ ಒಮ್ಮೆ ಒತ್ತಿ ನೋಡಿ,” ಎಂದರು. ಉಮ್ಮ ಮೊರ ಕೆಳಗಿಟ್ಟು, ಬಗ್ಗಿ, ಅಂಗೈಯಿಂದ ಪೆಡಲ್ ಒತ್ತಿದಳು. ಅದು ಕಲ್ಲಿನ ಹಾಗೆ ನಿಂತಿತು. ಅವಳು ಮತ್ತೊಮ್ಮೆ ಒತ್ತಿದಳು.

“ನಾಡಿದ್ದು ಮೂಡುಬಿದಿರೆಗೆ ಹೋಗುವ,” ಎಂದರು ಉಪ್ಪ.

“ಸಫಿಯಾ ಕೂರುವುದಾದರೆ ನಾನೂ ಕೂರ್ತೇನೆ. ಅವಳಲ್ಲವಾ ಒತ್ತಿದ್ದು,” ಎಂದಳು ಉಮ್ಮ.

ಹೋಗುವ ದಾರಿ ಏರು, ಭಯವಿರಲಿಲ್ಲ. ಬರುವಾಗ ಸಿದ್ಧಕಟ್ಟೆ ದಾಟಿತು. ಹಿಂದಿನ ಸೀಟಿನಿಂದ ನಾನು ಮುಂದಕ್ಕೆ ಬಗ್ಗಿದೆ. ಇಳಿಜಾರಿನ ನಡುವೆ, ಮರಳ ರಾಶಿ ಇದ್ದ ಜಾಗದಲ್ಲಿ, ಉಪ್ಪ ಬೇಕೆಂದೇ ಬ್ರೇಕ್ ಒತ್ತಿದರು. ಅದೇ ಹೊತ್ತಿಗೆ ಉಮ್ಮ ತನ್ನ ಬಲಗಾಲಿನಿಂದ ಬರಿಯ ನೆಲವನ್ನು ಒತ್ತಿದ್ದನ್ನು ನಾನು ನೋಡಿದೆ. ಕಾರು ಮೂಗು ತುಸು ತಗ್ಗಿಸಿ, ಒಮ್ಮೆ ಎದ್ದು, ಸುಮ್ಮನೆ ನಿಂತಿತು. ಉಮ್ಮ ಸ್ವಲ್ಪ ಹೊತ್ತು ಕಾಲು ತೆಗೆಯಲಿಲ್ಲ.

“ನಿಂತಿತಲ್ಲ,” ಎಂದರು ಉಪ್ಪ.

“ನಾನೂ ಒತ್ತಿದ್ದೆ,” ಎಂದಳು ಉಮ್ಮ.

ಮೆಲ್ಕಾರಿನ ಚಹಾದಂಗಡಿಯ ಮುಂದೆ ಉಪ್ಪ ಬೇಕೆಂದೇ ಕಾರು ನಿಧಾನ ಮಾಡಿದರು. ಬಲಗಡೆ ಕೂತ ಉಮ್ಮನನ್ನು ಕಂಡು ಒಬ್ಬರು, “ಎಂತ, ಜಪಾನನ್ನು ಈಗ ನೀವೇ ಬಿಡುವುದಾ?” ಎಂದು ಕೇಳಿದರು. ಉಮ್ಮ ತಲೆಯ ಸೆರಗು ಸರಿಮಾಡಿಕೊಂಡು ಹೇಳಿದಳು: “ಬಿಡುವುದು ಇವರು. ಬ್ರೇಕ್ ಮಾಡಿದ್ದು ನನ್ನ ಮಗಳು.” ಈ ಮಾತು ಕಿವಿಗೆ ಬಿದ್ದ ಮೇಲೆ ಲೋಕಯ್ಯ ಮೇಸ್ತ್ರಿ, ಹಾಗಾದರೆ ತಾನು ಅಡಿಯಲ್ಲಿ ಮಲಗಿದ್ದು ನಿದ್ದೆ ಮಾಡಲಿಕ್ಕಾ ಎಂದು ಕೇಳಿದರಂತೆ. ಆಮೇಲೆ ನಾನು ಎಷ್ಟೋ ಪ್ರಮಾಣಪತ್ರ ಪಡೆದೆ. ಉಮ್ಮನ ಆ ಮಾತಿನ ಎತ್ತರಕ್ಕೆ ಯಾವುದೂ ಬರಲಿಲ್ಲ.

ಬ್ರೇಕಿನ ಎಣ್ಣೆ ಬಣ್ಣವನ್ನು ತಿನ್ನುತ್ತದೆ. ಮಡ್‌ಗಾರ್ಡಿನ ಮೇಲೆ ನನ್ನ ಇಪ್ಪತ್ತು ತುಳಿತದ ಕಲೆ ಹಲವು ವರ್ಷ ಇತ್ತು. ಜಪಾನು ಈಗ ತಮ್ಮನ ಮನೆಯಲ್ಲಿದೆ. ಹೋದ ವರ್ಷ ಅವನು ಅದಕ್ಕೆ ಹೊಸ ಬಣ್ಣ ಹೊಡೆಸಿದ, ಕಲೆ ಹೋಯಿತು. ಅವನೊಡನೆ ನಾನು ಒಂದು ತಿಂಗಳು ಸರಿಯಾಗಿ ಮಾತಾಡಲಿಲ್ಲ. ಮೇಸ್ತ್ರಿ ಇಲ್ಲ. ಈಗಿನ ವರ್ಕ್‌ಶಾಪಿನಲ್ಲಿ ಬ್ರೇಕಿನ ಗಾಳಿಯನ್ನು ಯಂತ್ರ ಎಳೆಯುತ್ತದೆ, ಯಾರೂ ಯಾರಿಗೂ ಪತ್ತ್ ಎನ್ನಬೇಕಾಗಿಲ್ಲ.

ನಾನು ಮೂಡುಬಿದಿರೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ, ದಿನವೂ ಅದೇ ರಸ್ತೆಯಲ್ಲಿ ನನ್ನ ಕಾರು ಬಿಟ್ಟುಕೊಂಡು ಬರುತ್ತೇನೆ. ಮೂರು ವರ್ಷದ ಹಿಂದೆ ತೀರಿಕೊಳ್ಳುವವರೆಗೂ, ತನ್ನ ತವರಿಗೆ ಹೋಗಿ ಬರುವಾಗೆಲ್ಲ ಉಮ್ಮ ನನ್ನ ಎಡಕ್ಕೆ ಕೂರುತ್ತಿದ್ದಳು. ಆ ಇಳಿಜಾರು ಬಂತೆಂದರೆ, ಮಾತು ನಿಲ್ಲಿಸದೆಯೇ, ಬಲಗಾಲಿನಿಂದ ನೆಲವನ್ನು ಒತ್ತುತ್ತಿದ್ದಳು. ನಾನು ನೋಡಿಯೂ ನೋಡದ ಹಾಗೆ ಇರುತ್ತಿದ್ದೆ.

ಈಗಿನ ಕಾರು ಕಾಲು ತಾಗಿಸಿದರೆ ನಿಲ್ಲುತ್ತದೆ. ಆದರೆ ಸಿದ್ಧಕಟ್ಟೆ ದಾಟಿದ ಮೇಲೆ ಅಲ್ಲಿ ಬ್ರೇಕ್ ಒತ್ತುವುದು ನಾನೊಬ್ಬಳೇ.