ತಾನಾಗಿಯೇ ಬಿಡುವ ಚರ್ಮ

ಮಗನಿಗೆ ಆಗಷ್ಟೇ ನಾಲ್ಕು ತುಂಬಿತ್ತು. ಹಿತ್ತಲಲ್ಲಿ ಒಂದಕ್ಕೆ ನಿಂತಾಗ ಶಿಶ್ನದ ತುದಿಯ ಚರ್ಮ ಗುಳ್ಳೆಯ ಹಾಗೆ ಉಬ್ಬಿ, ಆಮೇಲೆ ಮೂತ್ರ ಬಂದದ್ದು ಕಂಡೆ. ಅವನಿಗೆ ನೋವೇನೂ ಇರಲಿಲ್ಲ. ಧಾರೆ ಎಲ್ಲಿಯವರೆಗೆ ಹೋಗುತ್ತದೆ ಎಂದು ನೋಡುತ್ತ ನಗುತ್ತಿದ್ದ. ಹೆದರಿದವಳು ನಾನು. ನನಗೆ ಹಗ್ಗ ಕಂಡರೂ ಹಾವೇ.

ಅತ್ತೆಗೆ ಹೇಳಿದೆ. ನೇಸರಗಿಯ ನಮ್ಮ ಓಣಿಯಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ಎಣ್ಣೆ ತಿಕ್ಕಿ ಎರೆದ ಕೈ ಅವರದು.

"ತೊಗಲ ಬಿಗಿ ಐತಿ. ಎರಿಯುಮುಂದ ಎಣ್ಣಿ ಹಚ್ಚಿ ದಿನಾ ಒಂದೀಟ ಹಿಂದ ಜಗ್ಗಬೇಕ. ಗಂಡಹುಡುಗರಿಗೆಲ್ಲಾ ಹಂಗ ಮಾಡೂದು. ಐದ ಹಡದಾಕಿ ನಾ, ನನಗ ಹೇಳಾಕ ಬರಬ್ಯಾಡ," ಎಂದರು.

ಯರಗಟ್ಟಿ ಕಡೆ ಟೆಂಪೊ ಓಡಿಸುವ ನನ್ನ ಗಂಡನನ್ನು ಕೇಳಿದರೆ, "ಅವ್ವಗ ಗೊತ್ತಿರತೈತಿ ಬಿಡ," ಎಂದು ಚಹಾ ಹೀರಿದರು.

ಬೆಳಗಾದರೆ ಬಚ್ಚಲಿನಿಂದ ಚೀರಾಟ. ಜಗ್ಗದಿದ್ದರೆ ಮುಂದೆ ಆಪರೇಷನ್ನೇ ಗತಿಯೇನೋ ಎಂಬ ಭಯ ಒಂದು ಕಡೆ, ಆ ಕೂಗು ಒಂದು ಕಡೆ. ಒಂದು ದಿನ ಮೈ ಒರೆಸಿದ ಪಂಜಿಗೆ ರಕ್ತ ಹತ್ತಿತ್ತು. ಉರಿಯುತ್ತದೆಂದು ಮಗ ಅಂದು ಒಂದಕ್ಕೆ ಹೋಗುವುದನ್ನೇ ಬಿಟ್ಟ. ಮಧ್ಯಾಹ್ನವಾದರೂ ಹೋಗಲಿಲ್ಲ. ಯಾರನ್ನೂ ಕೇಳದೆ ಬೈಲಹೊಂಗಲದ ಬಸ್ಸು ಹತ್ತಿದೆ. ತೊಡೆ ಬಿಗಿಹಿಡಿದು ನನ್ನ ಮಡಿಲಲ್ಲಿ ಕುಳಿತ ಮಗನ ಹಣೆ ಬೆವರುತ್ತಿತ್ತು. ಬಸ್ಸೋ, ಕೈ ಮಾಡಿದಲ್ಲೆಲ್ಲ ನಿಲ್ಲುವ ಪುಣ್ಯಾತ್ಮ.

ಮಕ್ಕಳ ಡಾಕ್ಟರು ವಯಸ್ಸಾದವರು. "ನೋಡ್ಲೇನಪಾ?" ಎಂದು ಮಗನನ್ನೇ ಕೇಳಿ ನೋಡಿದರು. ಆಮೇಲೆ ಉಗುರುಬೆಚ್ಚಗಿನ ನೀರು ತುಂಬಿದ ಟಬ್ಬಿನಲ್ಲಿ ಕೂರಿಸಿ, "ಇದರಾಗ ಉಚ್ಚಿ ಹೊಯ್ಯಿ, ಯಾರೂ ಬೈಯಂಗಿಲ್ಲ," ಎಂದರು. ಸ್ವಲ್ಪ ಹೊತ್ತಿಗೆ ಅವನ ಮುಖ ಸಡಿಲಾಯಿತು. ನಾನು ಅಲ್ಲೇ ಅತ್ತುಬಿಟ್ಟೆ.

"ಆಪರೇಷನ್ ಮಾಡಬೇಕೇನ್ರಿ?"

"ಯಾಕವಾ? ಈ ವಯಸ್ಸಿಗೆ ತೊಗಲು ಒಳಗ ಅಂಟಕೊಂಡ ಇರತೈತಿ. ಬೆಳೀತ ಬೆಳೀತ ತಾನಾಗೇ ಬಿಡತೈತಿ. ಕೆಲವರಿಗೆ ದೊಡ್ಡವರಾಗೂತನಕ ತಡಾ ಆಕ್ಕೈತಿ. ಹೊಯ್ಯುಮುಂದ ಉಬ್ಬಿದ್ರೂ ನೋವಿಲ್ಲ, ಧಾರಿ ಚಲೋ ಐತಿ ಅಂದ್ರ ಚಿಂತಿಲ್ಲ. ಮ್ಯಾಲಿಂದ ಮ್ಯಾಲೆ ಬಾವು ಬಂದು ಕೀವಾದ್ರ, ಉಚ್ಚಿ ಕಟ್ಟಿದ್ರ, ತುದೀಗೆ ಬೆಳ್ಳಗ ಗಟ್ಟಿ ಕಲೆ ಆದ್ರ ತೋರಸ್ರಿ. ಆಗೂ ಬಾಳ ಸಲ ಮೊದಲ ಮುಲಾಮು, ಅದಕ್ಕೂ ಬಗ್ಗಲಿಲ್ಲಂದ್ರ ಆಪರೇಷನ್. ಹಿಂದ ಸರದ ತೊಗಲು ಮುಂದ ಬರದ ಸಿಕ್ಕೊಂಡ್ರ ಮಾತ್ರ ಒಂದ ಗಳಿಗಿ ತಡಾ ಮಾಡಬ್ಯಾಡ್ರಿ, ಓಡಿ ಬರ್ರಿ." ಆಮೇಲೆ ದನಿ ಗಡುಸಾಯಿತು. "ಇದು ಜಗ್ಗಿ ಹರದದ್ದು. ಹಿಂಗ ಹರಕೋತ ಹೋದ್ರ ಕಲೆ ಕಟ್ಟಿ ಖರೇನ ಬಿಗಿ ಆಕ್ಕೈತಿ. ಹೊರಗಷ್ಟ ತೊಳೀರಿ. ಗಾಯ ಮಾಯೂತನಕ ನೋಡಕೋತ ಇರ್ರಿ."

ನೋಡಿಕೊಳ್ಳುತ್ತ ಇರಿ ಎಂದರೆ ನನ್ನಂಥವಳಿಗೆ ನಿದ್ದೆ ಎಲ್ಲಿಯದು! ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೆಳ್ಳಗಿನ ಕಲೆಯೇ ಕಣ್ಣ ಮುಂದೆ.

ಮನೆಗೆ ಬಂದು ಎಲ್ಲ ಹೇಳಿದೆ. ಅತ್ತೆ ಜಗಳಕ್ಕೆ ನಿಲ್ಲುತ್ತಾರೆಂದು ಸೆರಗು ಸಿಕ್ಕಿಸಿಕೊಂಡೇ ಮಾತು ತೆಗೆದಿದ್ದೆ. ಅವರು ಎಣ್ಣೆಯ ಬಟ್ಟಲನ್ನು ಗೂಡಿನೊಳಗೆ ಸರಿಸಿಟ್ಟರು.

"ಇವನಪ್ಪಗೂ ಹಂಗ ಮಾಡಿದ್ದೆ. ಬಾಳ ಅಳತಿದ್ದ. ಹಟಾ ಮಾಡತಾನಂತ ಬೆನ್ನಿಗೆ ಎರಡ ಕೊಡತಿದ್ದೆ," ಎಂದರು.

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ನನ್ನ ಗಂಡ ಅದನ್ನು ಕೇಳಿಸಿಕೊಂಡರು. ಮರುದಿನ ಟೆಂಪೊ ತಡವಾಗಿ ತೆಗೆದು ಮಗನಿಗೆ ತಾವೇ ನೀರು ಹಾಕಿದರು.

ಅತ್ತೆ ನೀರು ಕಾಯಿಸಿಕೊಟ್ಟು ಬಚ್ಚಲಿನ ಹೊರಗೇ ನಿಂತರು. ನಿಲ್ಲಲಾರದೆ ಮೆಲ್ಲಗೆ ಕೇಳಿದರು: "ಬೆನ್ನ ತಿಕ್ಕಲೇನೋ, ಕೂಸ?"

ಒಳಗೆ ನೀರಿನ ಸದ್ದು ನಿಂತಿತು.

"ಬೆನ್ನ ಅಷ್ಟ," ಎಂದ ಮಗ.