ಎಡ್ವಿನನ ಹಸಿರು ಹಾಳೆ

ದೂರದ ಉತ್ತರದ ಚಳಿಸೀಮೆಯ ಆಂಡೊಯಾ ದ್ವೀಪದ ಗಾಳಿ ಎಂಥದ್ದೆಂದರೆ, ಒಂದು ಆಗಸ್ಟಿನಲ್ಲಿ ಬೇಲಿಯ ಮೇಲೆ ಒಣಹಾಕಿದ್ದ ಎಡ್ವಿನನ ಪೈಜಾಮವನ್ನು ಹೊತ್ತುಕೊಂಡು ಹೋಗಿ ಪಕ್ಕದ ಊರಿನ ಪಾದ್ರಿಯ ಕಾಲಿಗೇ ತೊಡಿಸಿಬಿಟ್ಟಿತಂತೆ. ಎಡ್ವಿನ್ ಕೇಳಲು ಹೋದ. "ನಿನ್ನದೇ ಆದರೆ ಬಣ್ಣ ಯಾವುದು ಹೇಳು, ಕೊಡ್ತೀನಿ" ಎಂದರು ಪಾದ್ರಿ. ಎಡ್ವಿನ್ ಬರಿಗೈಯಲ್ಲಿ ವಾಪಸು ಬಂದ.

ಪೈಜಾಮದ ಮಾತು ನಂಬಿ, ಬಿಡಿ. ಎಡ್ವಿನನಿಗೆ ಕೆಂಪು ಹಸಿರು ಗೊತ್ತಾಗದು ಎಂಬುದು ಮಾತ್ರ ಸತ್ಯ. ಹುಟ್ಟಿದಂದಿನಿಂದ ಹಾಗೇ. ಅಂಥವನು ಹೊಟ್ಟೆಪಾಡಿಗೆ ಹಿಡಿದದ್ದು ಬಣ್ಣದ ಕೆಲಸವನ್ನೇ. ನಕ್ಷೆ ಮಾಡುವ ಕಚೇರಿಯೊಂದರಲ್ಲಿ ಕೂದಲು ನರೆಯುವ ತನಕ ಅವನು ಚಿತ್ರಗಳನ್ನು ಬಿಡಿಸಿದ. ಬರೆಯುವ ಬಿಡಿಸುವುದಲ್ಲ, ಹಲಸಿನ ಹಣ್ಣು ಬಿಡಿಸುವ ಹಾಗೆ ಬಿಡಿಸುವುದು. ಆಕಾಶದಿಂದ ತೆಗೆದ ನೆಲದ ಚಿತ್ರವಿರಲಿ, ಕಡಲ ಆಳಕ್ಕೆ ಬಣ್ಣ ಕೊಟ್ಟ ನಕ್ಷೆಯಿರಲಿ, ಕಂಪ್ಯೂಟರಿನ ಮಟ್ಟಿಗೆ ಅದೊಂದು ಚೌಕುಳಿ ಬಟ್ಟೆ. ಒಂದೊಂದು ಚೌಕದಲ್ಲೂ ಮೂರು ಅಂಕಿ: ಕೆಂಪೆಷ್ಟು, ಹಸಿರೆಷ್ಟು, ನೀಲಿಯೆಷ್ಟು. ಎಡ್ವಿನ್ ಆ ಮೂರನ್ನೂ ಬೇರೆ ಮಾಡಿ ಮೂರು ಹಾಳೆಯಾಗಿ ಇಡುತ್ತಿದ್ದ. ತಮಾಷೆಯೆಂದರೆ, ಹಾಗೆ ಬೇರೆ ಮಾಡಿದ ಹಾಳೆಯಲ್ಲಿ ಬಣ್ಣವೇ ಇರುವುದಿಲ್ಲ. ಜಾಸ್ತಿಯಿದ್ದ ಕಡೆ ಬೆಳ್ಳಗೆ, ಕಡಿಮೆಯಿದ್ದ ಕಡೆ ಕಪ್ಪಗೆ, ನಡುವೆ ಬೂದು. "ಬಣ್ಣ ಬಿಡಿಸಿಟ್ಟ ಮೇಲೆ ಎಲ್ಲಾರೂ ನನ್ನಂಥವರೇ" ಎನ್ನುತ್ತಿದ್ದ ಅವನು.

ಕಚೇರಿಯ ಆಚೆಗೆ ಅವನ ಕಣ್ಣು ಎಂದರೆ ಹೆಂಡತಿ ಹಲ್ಡಿಸ್. ಕಾಲುಚೀಲ ಜೋಡಿ ಮಾಡುವವಳು ಅವಳು, ಮಾಂಸ ಬೆಂದಿದೆಯೋ ಇಲ್ಲವೋ ಹೇಳುವವಳು ಅವಳು. ಮುಲ್ಟೆ ಹಣ್ಣಿನ ಕಾಲದಲ್ಲಂತೂ ಅವಳು ಮುಂದೆ, ಅವನು ಹಿಂದೆ. "ಇದು ಕೀಳು. ಅದು ಬಿಡು. ನಿನ್ನ ಬೂಟಿನ ಪಕ್ಕದ್ದು ಕೀಳು, ಅಯ್ಯೋ, ತುಳಿದೆಯಲ್ಲ."

ಮುಲ್ಟೆ ಜೌಗು ನೆಲದಲ್ಲಿ ಮೊಣಕಾಲೆತ್ತರಕ್ಕೂ ಬಾರದ ಗಿಡದ ಹಣ್ಣು. ಸ್ವಭಾವ ತಲೆಕೆಳಗು: ಕಾಯಿ ಕೆಂಪು, ಮಾಗಿದರೆ ಜೇನಿನ ಬಣ್ಣ. ಆ ಕಡೆ ಕಾಯಿ ಕೀಳುವುದೆಂದರೆ ಕರು ಕುಡಿಯುವ ಮುಂಚೆ ಹಾಲು ಕರೆದಂತೆ, ನಾಲ್ಕು ಜನರ ಮುಂದೆ ತಲೆ ಎತ್ತುವ ಹಾಗಿಲ್ಲ. ಇನ್ನು ಹಣ್ಣು ಸಿಗುವ ಜಾಗದ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಹಲ್ಡಿಸಳ ತಾಯಿ ತನ್ನ ಜೌಗನ್ನು ಮಗಳಿಗೆ ತೋರಿಸಿದ್ದು ಸಾಯುವ ಹೊತ್ತಿನಲ್ಲಿ. ಆಗಲೂ ಕೋಣೆಯಲ್ಲಿ ಡಾಕ್ಟರು ಇದ್ದರೆಂದು ಬೆರಳನ್ನು ಉಲ್ಟಾ ದಿಕ್ಕಿಗೆ ಮಾಡಿದ್ದಳಂತೆ. ಜಾಣ ಮಗಳು ಅರ್ಥ ಮಾಡಿಕೊಂಡಳು.

ಒಂದು ಬೇಸಿಗೆಯಲ್ಲಿ ಹಲ್ಡಿಸ್ ಅಂಗಳದ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡು ಆರೈಕೆ ಮನೆ ಸೇರಿದಳು. ಮೂಳೆಯನ್ನು ಡಾಕ್ಟರು ಕೂಡಿಸಿದರು. ಆದರೆ ಅವಳು ಗೋಡೆಯ ಕಡೆ ತಿರುಗಿ ಮಲಗಿದವಳು ಊಟವನ್ನೂ ಬಿಟ್ಟಳು, ನಡೆಯಲು ಎಬ್ಬಿಸಿದರೆ ಏಳಲೂ ಒಲ್ಲಳು.

"ಒಂಚೂರು ಮೀನಾದ್ರೂ ತಿನ್ನು" ಎಂದ ಎಡ್ವಿನ್.

"ಸೇರಲ್ಲ. ಅಮ್ಮನ ಜೌಗಿನ ಮುಲ್ಟೆ ಇದ್ದಿದ್ರೆ ತಿಂತಿದ್ನೋ ಏನೋ."

"ಪಕ್ಕದ್ಮನೆ ಓಡ್ವಾರ್ ಒಂದು ಡಬ್ಬಿ ಕೊಟ್ಟಿದ್ದಾನಲ್ಲ."

"ಅವನ ಮುಲ್ಟೆ ಅವನ ಮಾತಿನ ಹಾಗೇ. ಬರೀ ನೀರು."

"ಹಾಗಾದ್ರೆ ನಾನೇ ಹೋಗಿ ತರ್ತೀನಿ."

ಅವಳು ಇತ್ತ ತಿರುಗಿದಳು. "ನೀನಾ? ಮದುವೆ ದಿನ ಒಂದೊಂದು ಕಾಲಿಗೆ ಒಂದೊಂದು ಬಣ್ಣದ ಕಾಲುಚೀಲ ಹಾಕ್ಕೊಂಡು ಚರ್ಚಿಗೆ ಬಂದೋನು."

"ನೋಡಿಯೂ ಒಪ್ಕೊಂಡೆಯಲ್ಲ."

"ಇಂಥೋನನ್ನ ಒಬ್ಬನೇ ಬಿಡಬಾರದು ಅಂತ ಒಪ್ಕೊಂಡೆ." ನಕ್ಕ ಹಾಗೆ ಮಾಡಿ ಮತ್ತೆ ಗೋಡೆಯ ಕಡೆ ತಿರುಗಿದಳು. "ಬೇಡ ಎಡ್ವಿನ್. ಕಾಯೆಲ್ಲ ಕಿತ್ತು ಹಾಳು ಮಾಡ್ತೀಯ. ಆ ಜೌಗಿನ ಋಣ ನನ್ನ ಜೊತೇನೇ ಮುಗೀಲಿ."

ಆ ಮಾತು ಎಡ್ವಿನನ ಎದೆಯಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತಿತು. ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗೋಣವೆಂದರೆ ಜಾಗದ ಗುಟ್ಟು ರಟ್ಟು. ಮುಟ್ಟಿ ನೋಡಬಹುದಿತ್ತು, ಹಣ್ಣು ಮೆತ್ತಗೆ, ಕಾಯಿ ಗಟ್ಟಿ. ಆದರೆ ಮುಟ್ಟಬೇಕಾದರೆ ಒಂದೊಂದಕ್ಕೂ ಬಾಗಬೇಕು, ಅವನ ಬೆನ್ನೋ, ಬಾಗಿದರೆ ಏಳಲು ಅರ್ಜಿ ಹಾಕಬೇಕು. ಮೇಲಾಗಿ, ಹರೆಯದಲ್ಲಿ ಚಳಿಗಾಲದ ಮೀನುಗಾರಿಕೆಗೆ ಹೋಗಿ ಹಿಮ ಕಚ್ಚಿದ ಬೆರಳುಗಳು. ತುದಿಗೆ ಸ್ಪರ್ಶವೇ ಸರಿಯಾಗಿಲ್ಲ.

ಆದರೂ ಹೋದ. ಅಲ್ಲಿನ ಪದ್ಧತಿಯಂತೆ ಬಕೆಟ್ಟನ್ನು ಚೀಲದೊಳಗೆ ಅಡಗಿಸಿ, ಮೀನು ಹಿಡಿಯಲು ಹೊರಟವನ ಹಾಗೆ ಗಾಳದ ಕೋಲನ್ನು ಹೆಗಲಿಗೇರಿಸಿದ. ಜೌಗಿನಲ್ಲಿ ನಿಂತು ಫೋನಿನಲ್ಲಿ ಚಿತ್ರ ತೆಗೆದ. ಮನೆಗೆ ಬಂದು ಹಳೆಯ ಕೆಲಸ ಹಚ್ಚಿದ, ಚಿತ್ರವನ್ನು ಮೂರು ಹಾಳೆಯಾಗಿ ಬಿಡಿಸಿದ. ಕೆಂಪಿನ ಹಾಳೆಯಲ್ಲಿ ಹಣ್ಣು ಕಾಯಿ ಎರಡೂ ಬೆಳ್ಳಗಿದ್ದವು, ಪ್ರಯೋಜನವಿಲ್ಲ. ನೀಲಿಯಲ್ಲಿ ಎರಡೂ ಕಪ್ಪು. ಹಸಿರಿನ ಹಾಳೆಯಲ್ಲಿ ಮಾತ್ರ ಕಾಯಿ ಕಾಡಿಗೆಯ ಬೊಟ್ಟು, ಹಣ್ಣು ಬೆಳ್ಳಿಯ ಬೊಟ್ಟು. ಎಡ್ವಿನ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಸುಮ್ಮನೆ ನೋಡುತ್ತ ಕೂತ. ಇಷ್ಟು ವರ್ಷ ಹಲ್ಡಿಸ್ ಕಂಡದ್ದು ಇದೋ ಎಂದುಕೊಂಡ.

ಮರುದಿನ ಆ ಹಾಳೆಯನ್ನು ಅಚ್ಚು ಹಾಕಿಸಿ ಹಿಡಿದುಕೊಂಡು ಹೋದ. ಎಡವಟ್ಟು ಅಲ್ಲೇ ಆದದ್ದು. ಜೌಗಿನಲ್ಲಿ ಒಂದು ಗುಪ್ಪೆಯ ಹಾಗೇ ಇನ್ನೊಂದು ಗುಪ್ಪೆ. ಹಾಳೆಯಲ್ಲಿರುವುದು ಯಾವುದು, ಕಾಲಡಿಯಲ್ಲಿರುವುದು ಯಾವುದು? ಸಾಲದ್ದಕ್ಕೆ ರಾತ್ರಿಯ ಗಾಳಿ ಗಿಡಗಳನ್ನೆಲ್ಲ ಮಗ್ಗುಲು ಬದಲಿಸಿ ಮಲಗಿಸಿತ್ತು. ಹಾಳೆ ತಿರುಗಿಸಿದ, ತಾನೇ ತಿರುಗಿದ, ಕೊನೆಗೆ ಗಾಳಿ ಹಾಳೆಯನ್ನೇ ಕಿತ್ತುಕೊಂಡು ಹೋಯಿತು. ಬಹುಶಃ ಪಾದ್ರಿಯ ಮನೆಗೇ ಇರಬೇಕು.

ಎಡ್ವಿನ್ ಬಂಡೆಯ ಮೇಲೆ ಕೂತು ಬುತ್ತಿ ಬಿಚ್ಚಿದ. ಕಂದು ಚೀಸ್ ಹಾಕಿದ ರೊಟ್ಟಿ, ಹಣ್ಣಿನ ರಸದ ಬಾಟಲಿ. ಬಿರಡೆಗೆ ದಾರ ಕಟ್ಟಿದ ಬಾಟಲಿ. ಅದು ಯಾವ ಬಣ್ಣವೆಂದು ಅವನ ಕಣ್ಣಿಗೆ ಗೊತ್ತಿಲ್ಲ, ಕಿವಿಗೆ ಗೊತ್ತು. ಪ್ರತಿ ವರ್ಷ ಹೊರಡುವಾಗ ಹಲ್ಡಿಸ್ ಅಡುಗೆ ಮನೆಯಿಂದ ಕೂಗುತ್ತಿದ್ದಳು: "ಹಸಿರು ಬಾಟಲಿ ತಗೋ, ಅದೇ, ದಾರ ಇರೋದು."

ರೊಟ್ಟಿ ಕೈಯಲ್ಲೇ ಉಳಿಯಿತು. ಹಸಿರಿನ ಹಾಳೆ ಎಂದರೆ ಏನು? ಹಸಿರು ಬೆಳಕನ್ನಷ್ಟೇ ಸೋಸಿ ನೋಡುವುದು. ಹಸಿರು ಗಾಜು ಮಾಡುವುದೂ ಹೆಚ್ಚುಕಡಿಮೆ ಅದನ್ನೇ. ರಸ ಕುಡಿದು ಮುಗಿಸಿ ಖಾಲಿ ಬಾಟಲಿಯನ್ನು ಕಣ್ಣಿಗೆ ಹಿಡಿದ. ಒಂದಿಷ್ಟು ಬೊಟ್ಟುಗಳು ಕಪ್ಪಗಾದವು, ಒಂದಿಷ್ಟು ಬೆಳಗಿದವು.

"ಇದು ಕೀಳು" ಎಂದ ಗಟ್ಟಿಯಾಗಿ. "ಅದು ಬಿಡು." ಅವಳ ದನಿಯಲ್ಲೇ ಹೇಳಿಕೊಂಡು ನಡೆದ.

ದೂರದ ದಿಬ್ಬದ ಮೇಲೆ ಓಡ್ವಾರ್ ತನ್ನ ನಾಯಿಯ ಜೊತೆ ನಿಂತಿದ್ದ. ಬಾಟಲಿ ಎತ್ತಿ ಹಿಡಿದು, ಒಬ್ಬನೇ ಮಾತಾಡುತ್ತ, ಜೌಗಿನಲ್ಲಿ ಓಲಾಡುತ್ತಿದ್ದ ಎಡ್ವಿನನನ್ನು ಕಂಡು ಇಳಿದು ಬಂದ.

"ಏನೋ ಎಡ್ವಿನ್, ಬೆಳ್ಳಂಬೆಳಗ್ಗೆಯೇ?"

ಹಣ್ಣಿಗೆ ಬಂದೆ ಎಂದರೆ ಜಾಗದ ಗುಟ್ಟು ಹೋಯಿತು. ಎಡ್ವಿನ್ ಬಕೆಟ್ಟನ್ನು ಬೂಟಿನಿಂದ ಪೊದೆಯೊಳಗೆ ತಳ್ಳಿದ. "ಹೂಂ ಕಣೋ. ಮನೇಲಿ ಹೊತ್ತು ಹೋಗಲ್ಲ."

ಓಡ್ವಾರ್ ಅವನ ಹೆಗಲು ತಟ್ಟಿ, ನಾಯಿಯನ್ನು ಕರೆದುಕೊಂಡು, ಟೋಪಿ ತೆಗೆದು ಮೆಲ್ಲಗೆ ಹೋದ. ಸತ್ತವರ ಮನೆಯಿಂದ ಹೋಗುವವನ ಹಾಗೆ.

ಎಡ್ವಿನ್ ಆರೈಕೆ ಮನೆಗೆ ಬರುವ ಮೊದಲೇ ಸುದ್ದಿ ಬಂದು ಕೂತಿತ್ತು.

"ಕುಡಿಯೋದು ಕಲಿತಿದ್ದೀಯಂತೆ" ಎಂದಳು ಹಲ್ಡಿಸ್.

"ಖಾಲಿ ಬಾಟಲೀಲಿ." ಅವನು ಮೇಲಿನ ಬಟ್ಟೆ ತೆಗೆದು ಬಕೆಟ್ಟನ್ನು ಅವಳ ಮಡಿಲಲ್ಲಿಟ್ಟು, ನಡೆದದ್ದನ್ನೆಲ್ಲ ಹೇಳಿದ.

ಅವಳು ಬಕೆಟ್ಟನ್ನು ವಾಲಿಸಿ ಒಳಗೆ ನೋಡಿದಳು. "ಜಾಗ ಹೇಳಲಿಲ್ವಾ ಅವನಿಗೆ?"

"ಮಾನ ಕೊಟ್ಟೆ. ಜಾಗ ಕೊಡಲಿಲ್ಲ."

ಒಂದು ಹಣ್ಣು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಇನ್ನೊಂದು. ಆಮೇಲೆ ಹೊದಿಕೆ ಸರಿಸಿ, "ನನ್ನನ್ನ ನಡೆಸೋಕೆ ಬರೋ ಆ ಹುಡುಗಿಗೆ ನಾಳೆ ಬಾ ಅಂತ ಹೇಳು" ಎಂದಳು. "ಮುಂದಿನ ವರ್ಷ ನಿನ್ನೊಬ್ಬನನ್ನೇ ಬಾಟಲಿ ಜೊತೆ ಬಿಟ್ರೆ ಊರೆಲ್ಲ ನನಗೇ ಬಯ್ಯುತ್ತೆ."

"ಎಲ್ಲಾ ಹಣ್ಣೇ ಇದೆಯಾ?" ಎಂದು ಕೇಳಿದ ಎಡ್ವಿನ್. ಕೇಳುವಾಗ, ಜೋಡಿ ಸರಿಯಿದೆಯಾ ಎಂದು ಕಾಲುಚೀಲ ತೋರಿಸುವವನ ಮುಖವಿತ್ತು.

ಅವಳ ಬೆರಳು ಬಕೆಟ್ಟಿನ ಅಂಚಿನಲ್ಲಿ ಒಂದು ಕ್ಷಣ ನಿಂತು, ಏನನ್ನೋ ಹೆಕ್ಕಿ ಬೇಗನೆ ಬಾಯಿಗೆ ಹಾಕಿಕೊಂಡಿತು.

"ಎಲ್ಲಾ ಹಣ್ಣೇ" ಎಂದಳು. ಕಟುಕ್ ಎಂದಿತು.

"ಅದೇನು ಸದ್ದು?"

"ಸೊಂಟದ ಮೂಳೆ" ಎಂದಳು ಹಲ್ಡಿಸ್, ಹುಳಿಗೆ ಒಂದು ಕಣ್ಣು ಮುಚ್ಚಿಕೊಂಡು. "ಕೂಡ್ತಾ ಇದೆ."