ಬೋಸಿಯ ಮೇಲಿನ ಹೆಸರು

ನಮ್ಮಜ್ಜಿ ಸೂಲಗಿತ್ತಿ. ನಂಜನಗೂಡಿನ ಸುತ್ತಮುತ್ತ, ನಮ್ಮ ಕೇರಿಯವರನ್ನು ಹೊಸಿಲು ದಾಟಲು ಬಿಡದ ಮನೆಗಳಲ್ಲೂ ಹೆರಿಗೆ ಮಾಡಿಸಿದವಳು. ಅಂಥ ಹೆಂಗಸರ ಚರಿತ್ರೆ ಬರೆಯುತ್ತೇನೆ ಅಂದಾಗ ಮೈಸೂರಿನ ನನ್ನ ಪಿಎಚ್.ಡಿ. ಗೈಡು, "ದಾಖಲೆ ಎಲ್ಲಿದೆಯಮ್ಮಾ?" ಅಂದರು. ಇವರ ಲೆಕ್ಕದಲ್ಲಿ ಕಾಗದದ ಮೇಲಿಲ್ಲದವರು ಭೂಮಿಯ ಮೇಲೂ ಇರಲಿಲ್ಲ! ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದವಳೇ ಅಟ್ಟದಲ್ಲಿದ್ದ ಅಜ್ಜಿಯ ಹಿತ್ತಾಳೆ ಬೋಸಿ ಇಳಿಸಿದೆ.

ಅದರ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದಿದ್ದ ಹೆಸರು ನಮ್ಮದಲ್ಲ, ಪಕ್ಕದೂರಿನ ಜಮೀನುದಾರರದು. ಹೆರಿಗೆ ಕೋಣೆಯಲ್ಲಿ ಬಳಸಿದ ಪಾತ್ರೆ ಮೈಲಿಗೆ, ಮತ್ತೆ ಅಡುಗೆಮನೆ ಸೇರುವಂತಿಲ್ಲ, ಹಾಗಾಗಿ ಸೂಲಗಿತ್ತಿಗೇ ಕೊಟ್ಟು ಕಳಿಸುತ್ತಿದ್ದರು ಅಂತ ಅಮ್ಮ ಹೇಳುತ್ತಿದ್ದಳು. ನರಸೀಪುರ, ಬನ್ನೂರಿನ ಕಡೆ ಹುಡುಕಿದೆ. ಇನ್ನೂ ಮೂವರು ಸೂಲಗಿತ್ತಿಯರ ಮನೆಗಳಲ್ಲಿ ಇಂಥವೇ ಸಿಕ್ಕವು, ಎಲ್ಲದರ ಮೇಲೂ ಬೇರೆಯವರ ಹೆಸರು. ಆದರೆ ಕೊಟ್ಟ ಮನೆಯವರು ಒಬ್ಬರಾದರೂ ಹೌದು ಅನ್ನಬೇಕಿತ್ತು. ಇಲ್ಲದಿದ್ದರೆ ಇದೆಲ್ಲ ಬರೀ ಮನೆಮಾತು ಅಂತ ಗೈಡು ತಳ್ಳಿಹಾಕುವುದು ಖಂಡಿತ.

ಬೋಸಿಯನ್ನು ಹುಣಸೆಹಣ್ಣು ಹಾಕಿ ಫಳಫಳ ತಿಕ್ಕಿದೆ. ಚೀಲದಲ್ಲಿಟ್ಟುಕೊಂಡು ತಾಂಡವಪುರದಲ್ಲಿ ಬಸ್ಸಿಳಿದು ಆ ಜಮೀನುದಾರರ ಮನೆಗೆ ನಡೆದೆ. ತಾತನ ಕಾಲದ್ದು ನೋಡಿ ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಎಂಥಾ ಪೆದ್ದಿ ನಾನು!

ಮನೆಯ ಯಜಮಾನರು ಜಗಲಿಯಲ್ಲಿದ್ದರು, ವಯಸ್ಸು ಅರವತ್ತರ ಆಸುಪಾಸು. ಕನ್ನಡಕ ಏರಿಸಿ ಹೆಸರು ಓದಿದರು.

"ನಮ್ ತಾತಂದು ಕಣಮ್ಮಾ ಇದು. ನಿಮ್ಮನೆಗೆಂಗ್ ಬಂತು?"

ಹೇಳಿದೆ. ಅವರು ನಕ್ಕುಬಿಟ್ಟರು.

"ನಮ್ಮನೇಲಿ ನಿಮ್ಮೋರು ಎರ್ಗೆ ಮಾಡ್ಸೋದಾ? ಕದ್ದಿರ್ತಾಳೆ ಬುಡು. ಓಗ್ಲಿ, ನಾವೇನ್ ಈಗ ಕೇಸ್ ಆಕಾಕಿಲ್ಲ."

ಕಳ್ಳಿ ಅಂದದ್ದಕ್ಕಿಂತ ಆ 'ಓಗ್ಲಿ' ನನ್ನ ತಲೆಕೆಡಿಸಿತು. ಕರೆದಾಗೆಲ್ಲ ಸರಿರಾತ್ರಿ ಅಂತಲೂ ನೋಡದೆ ಓಡಿದವಳಿಗೆ ಈ ಮಹಾಶಯರ ಕ್ಷಮೆ ಬೇರೆ ಕೇಡು!

"ಕದ್ದ ಮಾಲು ತಾನೇ ಸಾ? ತಗೊಳಿ, ನಿಮ್ಮ ಅಡುಗೆಮನೇಲೇ ಇಟ್ಕೊಳಿ" ಅಂತ ಬೋಸಿಯನ್ನು ಹೊಸಿಲ ಮುಂದೆ ಕುಕ್ಕಿದೆ.

ಅವರೂ ಹಟಕ್ಕೆ ಬಿದ್ದು ಬಗ್ಗಿ ಅದಕ್ಕೆ ಕೈ ಹಾಕಿದರು. ಅಷ್ಟರಲ್ಲಿ, ಇಷ್ಟು ಹೊತ್ತೂ ನಡುಮನೆಯಲ್ಲಿ ಕೂತು ಕೇಳುತ್ತಿದ್ದ ಅವರ ತಾಯಿ ಕೂಗಿಕೊಂಡರು.

"ಲೇ, ಅದ್ನ ಒಳೀಕ್ ತರ್ಬ್ಯಾಡ ಕಣ್ಲಾ! ನೀನ್ ಉಟ್ದಾಗ ಮೈಲ್ಗೆ ಅಂತ ನಾವೇ ಅವ್ಳ ಕೈಲಿ ಕೊಟ್ ಕಳ್ಸಿದ್ದು!"

ಯಜಮಾನರ ಕೈ ಸರಕ್ಕನೆ ಹಿಂದೆ ಹೋಯಿತು.

ನನಗೆ ಬೇಕಿದ್ದ ಸಾಕ್ಷಿ ಸಿಕ್ಕಿತ್ತು. ಅಜ್ಜಿ ಕಳ್ಳಿಯಲ್ಲ. ಅಲ್ಲೇ ನಿಂತು ಆ ಮಾತನ್ನು ಇದ್ದಹಾಗೇ ಬರೆದುಕೊಂಡೆ. ಸಿಟ್ಟಿಗೆ ಅಕ್ಷರಗಳು ಸೊಟ್ಟಗಾದವು. ತನ್ನನ್ನು ಈ ಲೋಕಕ್ಕೆ ತಂದವಳನ್ನೇ ಕಳ್ಳಿ ಅಂದ ಮನುಷ್ಯ ತಪ್ಪಾಯ್ತು ಅಂತಾನೇನೋ ಎಂದು ಒಂದು ಗಳಿಗೆ ಕಾದೆ.

ಅವನು ಒಳಕ್ಕೆ ತಿರುಗಿ, ಕೈ ತೊಳೆಯಲು ನೀರು ಕೇಳಿದ.